ಮೇಷ್ಟ್ರ ಕಡೆಯ ಕ್ಲಚ್ಚು

ಗಾಡಿ ನಿಂತದ್ದು ಬೇಕರಿಯ ಎದುರಿಗೆ. ಗೇರ್ ಬದಲಿಸಲು ಅಕ್ಕ ಕ್ಲಚ್ ಒತ್ತಿದಳು. ಪೆಡಲ್ ನೆಲ ಕಚ್ಚಿತು, ಮೇಲೇಳಲಿಲ್ಲ. ಗಾಬರಿಯಲ್ಲಿ ಬ್ರೇಕ್ ತುಳಿದಳು. ಎಂಜಿನ್ ಒಮ್ಮೆ ಕುಲುಕಿ ಸುಮ್ಮನಾಯಿತು.

"ನಾನೇನೂ ಮಾಡ್ಲಿಲ್ಲ ಕಣೋ," ಎಂದಳು, ಎರಡೂ ಕೈ ಸ್ಟಿಯರಿಂಗಿನಿಂದ ತೆಗೆದು.

ಪಕ್ಕದಲ್ಲಿ ಕೂತಿದ್ದ ಅವಳ ತಮ್ಮನನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು; ಡ್ರೈವಿಂಗ್ ಕಲಿಸುವುದು ಅವರ ಹೊಟ್ಟೆಪಾಡು. ಕಲಿಸುವ ಗಾಡಿಯಾದ್ದರಿಂದ ಅವರ ಕಾಲ ಬಳಿಯೂ ಒಂದು ಕ್ಲಚ್ಚಿತ್ತು. ಒಂದನ್ನು ಒತ್ತಿದರೆ ಇನ್ನೊಂದೂ ಇಳಿಯುವಂತೆ ಎರಡನ್ನೂ ಕೆಳಗೆ ಒಂದು ಕಬ್ಬಿಣದ ಸಲಾಕೆ ಜೋಡಿಸಿತ್ತು. ಮೇಷ್ಟ್ರು ತಮ್ಮದನ್ನೂ ಒತ್ತಿ ನೋಡಿದರು. ಜೀವವಿರಲಿಲ್ಲ.

ಹನ್ನೊಂದಕ್ಕೆ ಅಕ್ಕನ ಲೈಸೆನ್ಸ್ ಪರೀಕ್ಷೆ. ತಪ್ಪಿದರೆ ಮತ್ತೆ ಸರದಿ ಬರುವುದು ಯಾವ ಕಾಲಕ್ಕೋ. ಭಾವನಿಗೆ ಕಿಡ್ನಿ ಕೈಕೊಟ್ಟು, ದಿನ ಬಿಟ್ಟು ದಿನ ಡಯಾಲಿಸಿಸ್ ಆಗಬೇಕಿತ್ತು. ನಸುಕಿನಲ್ಲಿ ಅವರನ್ನು ಆಸ್ಪತ್ರೆಗೆ ಬಿಟ್ಟು, ಪಾಠ ಹೇಳಿ, ನಡುವೆ ಓಡಿ ಹೋಗಿ ಕರೆತಂದು, ಮತ್ತೆ ಪಾಠ ಹೇಳುವುದು ಮೇಷ್ಟ್ರ ಪಾಲಿಗೆ ಬಂದು ವರ್ಷ ಕಳೆದಿತ್ತು. ಇವತ್ತೂ ನಸುಕಿನಲ್ಲೇ ಬಿಟ್ಟು ಬಂದಿದ್ದರು. ಹೋದ ವಾರ ಕೆಂಪು ದೀಪದ ಮುಂದೆ ಕೂತಲ್ಲೇ ನಿದ್ದೆ ಹೋಗಿಬಿಟ್ಟಿದ್ದರು. ಹಿಂದಿನ ಸೀಟಿನಿಂದ ಭಾವ ಭುಜ ತಟ್ಟಿ, "ಹಸಿರು ಬಂತಪ್ಪಾ," ಎಂದರು. ಅಕ್ಕನಿಗೆ ಲೈಸೆನ್ಸ್ ಸಿಕ್ಕರೆ ಆ ಓಡಾಟ ಅವಳದಾಗುತ್ತಿತ್ತು.

ಮೇಷ್ಟ್ರು ಮೊದಲು ಪೆಡಲಿನ ಬುಡಕ್ಕೆ ತಲೆ ತೂರಿಸಿದರು. ಅಲ್ಲಿ ಕೇಬಲ್ಲಿನ ತುದಿ ಕೊಂಡಿಯಲ್ಲಿ ಭದ್ರವಾಗಿತ್ತು. ಬಾನೆಟ್ ಎತ್ತಿದರು. ಗೇರ್‌ಬಾಕ್ಸಿನ ಬದಿಗೆ ಅದರ ಇನ್ನೊಂದು ತುದಿ ಲಿವರಿನಿಂದ ಕಳಚಿ ಜೋತಾಡುತ್ತಿತ್ತು. ಕೇಬಲ್ ತುಂಡಾಗಿರಲಿಲ್ಲ, ಎರಡನ್ನೂ ಸೇರಿಸುವ ಪಿನ್ನು ಮಾತ್ರ ದಾರಿಯಲ್ಲೆಲ್ಲೋ ಉದುರಿತ್ತು. ನಿನ್ನೆ ಸಂಜೆ ಅದನ್ನು ಬಿಚ್ಚಿ ಬಿಗಿ ಮಾಡಿದವರು ಅವರೇ. ಪಿನ್ನು ಜಾರದಂತೆ ತಡೆಯುವ ತಂತಿ ಸವೆದಿದ್ದು ಕಂಡಿತ್ತು. ಪರೀಕ್ಷೆ ಮುಗಿಯಲಿ ಎಂದು ಅದನ್ನೇ ಮಡಚಿ ಹಾಕಿದ್ದರು. ಕಣ್ಣು ನಿದ್ದೆಗೆ ಅಷ್ಟು ಎಳೆಯುತ್ತಿತ್ತು.

"ಮೆಕ್ಯಾನಿಕ್ಕಿಗೆ ಫೋನ್ ಮಾಡು," ಎಂದಳು ಅಕ್ಕ.

"ಮಾಡ್ದೆ. ಊಟ ಆದ್ಮೇಲೆ ಬರ್ತಾನಂತೆ."

"ಅಷ್ಟೊತ್ತಿಗೆ ಪರೀಕ್ಷೆ ಮಾಡೋನೂ ಉಂಡು ಮಲಗಿರ್ತಾನೆ. ನನ್ನ ಹೇರ್‌ಪಿನ್ ಆಗುತ್ತಾ ನೋಡು."

"ಅದು ನಿನ್ನ ಕೂದಲನ್ನೇ ಹಿಡೀತಿಲ್ಲ, ಇನ್ನು ಗೇರ್‌ಬಾಕ್ಸ್ ಹಿಡಿಯುತ್ತಾ?"

ಅಕ್ಕ ನಕ್ಕಳು. ಮೇಷ್ಟ್ರಿಗೆ ನಗು ಬರಲಿಲ್ಲ. ಅದೇ ಅಳತೆಯ ಇನ್ನೊಂದು ಪಿನ್ನು ಗಾಡಿಯಲ್ಲೇ ಇತ್ತು, ಅವರ ಕಡೆಯ ಕ್ಲಚ್ಚನ್ನು ಸಲಾಕೆಗೆ ಸೇರಿಸಿದ್ದು. ಅದನ್ನು ತೆಗೆದರೆ ಅಕ್ಕನ ಕ್ಲಚ್ಚು ಬದುಕುತ್ತದೆ, ಮೇಷ್ಟ್ರದು ಸಾಯುತ್ತದೆ.

ಕಲಿಯಲು ಬಂದ ಬೇರೆಯವರ ಜೊತೆ ಅವರು ಪೆಡಲಿನಿಂದ ಕಾಲು ಎತ್ತಿಯೇ ಕೂರುತ್ತಿದ್ದರು. ಅಕ್ಕನ ಜೊತೆ ಆಗಲಿಲ್ಲ. ಏರಿನಲ್ಲಿ ಗಾಡಿ ಬಂದ್ ಆದರೆ ಅವಳ ಮುಖ ಬಾಡುತ್ತಿತ್ತು, ಆ ಮುಖದಲ್ಲೇ ಅವಳು ಮನೆಗೆ ಹೋಗಿ ಭಾವನ ಕಾಲು ಒತ್ತುತ್ತಿದ್ದಳು. ಒಂದು ದಿನ ಮೆಲ್ಲಗೆ ತಮ್ಮ ಪೆಡಲ್ ಒತ್ತಿ ಹಿಡಿದು, ಹದ ನೋಡಿ ಬಿಟ್ಟರು. ಗಾಡಿ ಬೆಣ್ಣೆಯಂತೆ ಏರಿತು. ಆಮೇಲೆ ಪ್ರತಿ ಏರೂ ಹಾಗೇ ಏರಿತು. ಪರೀಕ್ಷೆಯ ಅಧಿಕಾರಿ ಕೂರುವುದು ಹಿಂದಿನ ಸೀಟಿನಲ್ಲಿ. ಅಲ್ಲಿಂದ ಮೇಷ್ಟ್ರ ಕಾಲು ಕಾಣುವುದಿಲ್ಲ. ಇವತ್ತೂ ಹಾಗೇ ದಾಟಿಸಿಬಿಡಬಹುದು ಎಂದುಕೊಂಡಿದ್ದರು. ತಪ್ಪೆಂದು ಗೊತ್ತಿತ್ತು. ತಪ್ಪು ಸರಿ ತೂಗುವಷ್ಟು ತ್ರಾಣ ಉಳಿದಿರಲಿಲ್ಲ.

ಸೀಟಿನ ಮುಂದೆ ತಲೆ ತೂರಿಸಿ ತಮ್ಮ ಕಡೆಯ ಪಿನ್ನು ಬಿಚ್ಚಿದರು. ಬಾನೆಟ್ಟಿನ ಅಡಿಯಲ್ಲಿ ಎಂಜಿನ್ ಇನ್ನೂ ಬಿಸಿಯಾಗಿತ್ತು. ಕೇಬಲ್ಲನ್ನು ಇಕ್ಕಳದಲ್ಲಿ ಎಳೆದು ಹಿಡಿದು, ಸ್ಪ್ಯಾನರಿನಿಂದ ಲಿವರನ್ನು ಒತ್ತಿ, ತೂತಿಗೆ ತೂತು ಕೂಡಿಸುವಷ್ಟರಲ್ಲಿ ಮೊಣಕೈ ಎರಡು ಕಡೆ ಸುಟ್ಟಿತು. ಪಿನ್ನು ಕೂತಿತು. ಅದರದೇ ತಂತಿ ಹಾಕಿ, ತುದಿಗಳನ್ನು ಬಗ್ಗಿಸಿ, ಎಳೆದು ನೋಡಿದರು. ಮತ್ತೊಮ್ಮೆ ಎಳೆದು ನೋಡಿದರು.

"ಒತ್ತು ಅಕ್ಕಾ."

ಪೆಡಲ್ ಬೆರಳಗಲ ಸಡಿಲವಾಗಿ ಹೋಗಿ ಹಿಡಿಯಿತು.

ಗಾಡಿ ಹೊರಟಿತು, ಜಗ್ಗುತ್ತಾ. ಮುಂದಿನ ತಿರುವು ದಾಟುವಷ್ಟರಲ್ಲಿ ಅಕ್ಕ ಹುಬ್ಬು ಗಂಟಿಕ್ಕಿದಳು.

"ಇದ್ಯಾಕೋ ಇಷ್ಟು ಗಟ್ಟಿ? ತಪ್ಪಾಗಿ ಹಾಕಿದ್ಯಾ?"

"ಸರಿಯಾಗೇ ಇದೆ."

"ನಿನ್ನೆ ಹೀಗಿರ್ಲಿಲ್ಲ."

ಅಕ್ಕನ ಕಣ್ಣು ಮೇಷ್ಟ್ರ ಕಾಲಿನ ಕಡೆ ಹೊರಳಿತು. ಅವರು ಎರಡೂ ಪಾದಗಳನ್ನು ಸೀಟಿನ ಅಡಿಗೆ ಎಳೆದುಕೊಂಡಿದ್ದರು. ಅವಳು ಮತ್ತೆ ರಸ್ತೆ ನೋಡಿದಳು.

"ಎಷ್ಟು ದಿನದಿಂದ?" ಎಂದಳು.

"ಹೆಚ್ಚೂಕಮ್ಮಿ ಮೊದಲಿಂದ."

"ನಿಮ್ಮ ಭಾವನ ಮುಂದೆ ಎಷ್ಟು ಜಂಬ ಕೊಚ್ಕೊಂಡಿದೀನಿ ಗೊತ್ತೇನೋ, ಮಹಾರಾಯ?"

ಸೇತುವೆಯ ಏರಿನಲ್ಲಿ ಮುಂದಿನ ಬಸ್ಸು ನಿಂತಿತು. ಅಕ್ಕನೂ ನಿಲ್ಲಿಸಿದಳು. ಬಸ್ಸು ಹೊರಟಾಗ ಗಾಡಿ ಬಂದ್ ಆಯಿತು, ಮತ್ತೆ ಬಂದ್ ಆಯಿತು, ಗೇಣು ಹಿಂದೆ ಜಾರಿತು. ಹಿಂದಿನ ಲಾರಿಯವನು ಹಾರ್ನ್ ಬಿಡದೆ ಬಡಿದ. ಆಮೇಲೆ ತಲೆ ಹೊರಹಾಕಿ, "ಅಮ್ಮಾ, ನನ್ನ ಲಾರೀನ ದಿಂಬು ಮಾಡ್ಕೊಳ್ಬೇಡಿ," ಎಂದ.

"ಇಳಿ ಅಕ್ಕಾ, ನಾನು ಕೂರ್ತೀನಿ."

"ಬಾಯಿಂದ ಹೇಳಿಕೊಡೋಕೆ ಬರುತ್ತಾ ನಿಂಗೆ? ಬಂದ್ರೆ ಹೇಳು. ಇಲ್ದಿದ್ರೆ ಸುಮ್ನೆ ಕೂತ್ಕೋ."

ಮೇಷ್ಟ್ರು ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. "ಹ್ಯಾಂಡ್‌ಬ್ರೇಕ್ ಹಾಕು. ಸ್ವಲ್ಪ ಆಕ್ಸಿಲರೇಟರ್ ಕೊಡು. ಈಗ ಕ್ಲಚ್ಚು ಬಿಡ್ತಾ ಬಾ... ಸದ್ದು ದಪ್ಪ ಆಗುತ್ತೆ, ಗಾಡಿ ಮೂತಿ ಎತ್ತುತ್ತೆ. ಎತ್ತಿತಾ?"

"ಎತ್ತಿತು."

"ಕಾಲು ಅಲ್ಲೇ ಇರಲಿ. ಈಗ ಹ್ಯಾಂಡ್‌ಬ್ರೇಕ್ ಬಿಡು."

ಗಾಡಿ ನಡುಗಿತು, ಆದರೆ ಮುಂದಕ್ಕೆ ಹೋಯಿತು. ಅಕ್ಕನ ಮೂಗಿನ ತುದಿಯಿಂದ ಬೆವರು ಇಳಿಯುತ್ತಿತ್ತು.

ಪರೀಕ್ಷೆಯ ಮೈದಾನದಲ್ಲಿ ಅವರದೇ ಕೊನೆಯ ಸರದಿ. ಏರಿನಲ್ಲಿ ಗಾಡಿ ಒಮ್ಮೆ ಬಂದ್ ಆಯಿತು. ಅವಳೇ ಹ್ಯಾಂಡ್‌ಬ್ರೇಕ್ ಎಳೆದಳು, ಅವಳೇ ಕಾದಳು, ಹತ್ತಿಸಿದಳು. ಹಿಂದೆ ಕೂತಿದ್ದ ಅಧಿಕಾರಿ ಆಕಳಿಸಿ, "ನಿಂತರೆ ಪರವಾಗಿಲ್ಲಮ್ಮ, ಜಾರಬಾರದು. ಹೋಗಿ, ಪಾಸು," ಎಂದರು.

ಅವರು ಇಳಿದು ಹೋದ ಮೇಲೆ ಅಕ್ಕ ಎಂಜಿನ್ ಆರಿಸಲಿಲ್ಲ.

"ನೀನೂ ಇಳಿ. ನಿಮ್ಮ ಭಾವನ್ನ ನಾನೇ ಕರ್ಕೊಂಡು ಬರ್ತೀನಿ."

"ಇವತ್ತೇ, ಒಬ್ಳೇನಾ?"

"ನೀನಿದ್ರೆ ರಸ್ತೇನೂ ನೋಡ್ಬೇಕು, ನಿನ್ನ ಕಾಲೂ ನೋಡ್ಬೇಕು. ಎರಡೂ ನನ್ನ ಕೈಲಾಗಲ್ಲ. ಮನೆಗೆ ಹೋಗಿ ಮಲಗು."

ಗೇಟಿನ ಬಳಿ ಗಾಡಿ ಬಂದ್ ಆಯಿತು. ಮೇಷ್ಟ್ರು ನಾಲ್ಕು ಹೆಜ್ಜೆ ಓಡಿ, ತಡೆದು ನಿಂತರು. ಅದು ಮತ್ತೆ ಸ್ಟಾರ್ಟ್ ಆಗಿ ಆಸ್ಪತ್ರೆಯ ಕಡೆ ತಿರುಗಿತು. ನಡೆದು ಹೋಗುವಷ್ಟು ಕಸುವು ಅವರಲ್ಲಿರಲಿಲ್ಲ. ಬಸ್ಸು ಬಂದಾಗ ಬರಲಿ ಎಂದು ಕಾಂಪೌಂಡಿನ ನೆರಳಿನಲ್ಲಿ ಕೂತರು.