ಐದನೇ ಮನೆ

ಹೆಬ್ಬೆರಳ ಅರಿಶಿನ ಫೋನಿನ ಪರದೆಗೆ ಹತ್ತಿತು, ತಂಗಿ ಬರೆದ ಸಾಲಿನ ಮೇಲೇ ಒಂದು ಹಳದಿ ಗೀಟು, ಅಂಗಿಯ ತುದಿಯಿಂದ ಒರೆಸಿದರೆ ಅಂಗಿಯೂ ಅರಿಶಿನವೇ, ಗೀಟು ಅಗಲವಾಯಿತು ಅಷ್ಟೆ, ಚಾಮರಾಜನಗರದ ಈ ಪಾಲಿಷ್ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಒಂದು ಗಂಟೆಯಾಯಿತು, ಒಳಗೆ ಡ್ರಮ್ಮು ಗಡಗಡ ತಿರುಗುತ್ತಿದೆ, ಅರಿಶಿನದ ಕೊಂಬುಗಳು ಒಂದಕ್ಕೊಂದು ಉಜ್ಜಿಕೊಂಡು ಸಿಪ್ಪೆ ಕಳಚುವ ಸದ್ದು, ನನ್ನ ಮುಂದೆ ಇನ್ನೂ ಮೂರು ಗಾಡಿ, ಶೆಡ್ಡಿನ ಶಿವಣ್ಣ ಬಾಗಿಲಲ್ಲಿ ನಿಂತು ಏನ್ಲಾ ಶಾಂತರಾಜು, ಫೋನ್ಗೇ ಮೂತಿ ಇಟ್ಕಂಡು ಕುಂತಿದ್ದೀಯಲ್ಲ, ಎಣ್ಣು ಗಿಣ್ಣು ನೋಡ್ಕಂಡ್ಯಾ ಎಂದ, ನಿನ್ ಡ್ರಮ್ ನೋಡ್ಕೋ ಓಗಣ್ಣ ಎಂದೆ, ಗಟ್ಟಿಯಾಗಿಯೇ ಬಂತು, ಅವನು ನಕ್ಕ, ಎಸ್ರು ಶಾಂತ, ಮೂಗಿನ ತುದೀಲಿ ಕೆಂಡ ಕಣ್ಲಾ ನಿಂಗೆ ಎಂದು ಒಳಗೆ ಹೋದ, ಎಲ್ಲರೂ ಹೇಳುವ ಮಾತೇ ಅದು, ಹುಟ್ಟಿದಾಗ ನಾನು ಅಳಲೇ ಇಲ್ಲವಂತೆ, ಅದನ್ನು ನೋಡಿ ಅಜ್ಜ ಶಾಂತ ಎಂದು ಹೆಸರಿಟ್ಟರಂತೆ, ಇನ್ನೊಂದು ವಾರ ಕಾದು ನೋಡಬಾರದಿತ್ತೇ ಅಜ್ಜ — ಗಂಟೆ ಮೂರು ನಲವತ್ತು, ಐದಕ್ಕೆ ಹಾಕುತ್ತಾಳಂತೆ ತಂಗಿ ಶಶಿರೇಖಾ, ಅಣ್ಣ, ನನ್ನ ಬ್ಲಾಗಿನ ಮೊದಲನೇ ಬರಹ ಕಳಿಸಿದ್ದೀನಿ, ನೀನು ಓದಿ ಹೂಂ ಅಂದ್ರೆ ಮಾತ್ರ ಹಾಕೋದು, ಬೇರೆ ಯಾರ ಹೂಂ ನಂಗೆ ಬೇಡ.

ಬೇರೆ ಯಾರ ಹೂಂ ಬೇಡವಂತೆ, ಒಂಬತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನ ಹೂಂ ಬೇಕಂತೆ ಮೈಸೂರಲ್ಲಿ ಪಿಎಚ್‌ಡಿ ಮಾಡುವವಳಿಗೆ, ಮಾನವಶಾಸ್ತ್ರ ಎಂದಾಗ ನಾನು ಕೇಳಿದ್ದೆ, ಮನುಷ್ಯರ ಬಗ್ಗೆ ಓದಕೆ ಪುಸ್ತಕ ಯಾಕಮ್ಮಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಲ್ಲಿ ಎರಡು ದಿನ ಕುಂತ್ಕೋ ಸಾಕು, ಅವಳು ಸಿಟ್ಟಾಗಲಿಲ್ಲ, ಅದನ್ನೇ ಕಣೋ ಅಣ್ಣ ನಾವೂ ಮಾಡೋದು, ಆದ್ರೆ ಎರಡು ದಿನ ಸಾಲಲ್ಲ, ಎರಡು ವರ್ಷ ಕೂರಬೇಕು ಎಂದಳು, ಹಾಗೆ ಮಾತಿಗೆ ಮಾತು ಕೊಡುವುದು ಅವಳಿಗೆ ಚಿಕ್ಕಂದಿನಿಂದಲೂ ಬರುತ್ತದೆ, ನನಗೆ ಕೈ ಮುಂದಾಗುತ್ತದೆ, ಬ್ಲಾಗಿನ ಹೆಸರು ಮೂರನೇ ಮೇಜು, ಲೈಬ್ರರಿಯಲ್ಲಿ ಅವಳು ಕೂರುವ ಮೇಜಂತೆ, ಮೇಲೆ ಫ್ಯಾನು ತಿರುಗುವುದಿಲ್ಲವಾದ್ದರಿಂದ ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲವಂತೆ, ಹಾಸ್ಟೆಲ್ ಮೆಸ್ಸಿನ ಚಪಾತಿಯನ್ನು ಕಿಟಕಿಗೆ ಅಡ್ಡ ಇಟ್ಟರೆ ಗಾಳಿಗೂ ಜಗ್ಗುವುದಿಲ್ಲ ಎಂದು ಬರೆದಿದ್ದಾಳೆ, ಅದನ್ನು ಓದಿ ನಾನೊಬ್ಬನೇ ಗಾಡಿಯಲ್ಲಿ ನಕ್ಕೆ, ರೂಮಿನ ಹಲ್ಲಿಗೆ ಗೈಡ್ ಮೇಡಮ್ಮಿನ ಹೆಸರಿಟ್ಟಿದ್ದಾರಂತೆ, ಎಷ್ಟು ಕರೆದರೂ ಅಲುಗಾಡದೆ ಗೋಡೆ ಮೇಲೇ ಇರುತ್ತದೆಂದು, ಇದು ಮೇಡಮ್ಮು ಓದಿದರೆ ಏನಮ್ಮಿ ಗತಿ ಎಂದು ಬ್ಲಾಗಿನ ಮಾತೆತ್ತಿದ ದಿನವೇ ಫೋನಿನಲ್ಲಿ ಕೇಳಿದ್ದೆ, ಅವರಿಗೆ ಕನ್ನಡದ ಬ್ಲಾಗ್ ಓದಕೆ ಟೈಮೆಲ್ಲಿ, ಇಂಗ್ಲಿಷಲ್ಲಿ ಬರಿ, ಇಲ್ಲದಿದ್ದರೆ ಬರೀಬೇಡ ಅಂದಿದ್ದಾರೆ, ನೀನೇನಂದೆ, ನಮ್ಮಣ್ಣಂಗೆ ಇಂಗ್ಲಿಷ್ ಬರಲ್ಲ ಮೇಡಂ ಅಂದೆ — ಹಾಗೆ ಹೇಳಿದಳಂತೆ ಅಷ್ಟು ದೊಡ್ಡವರ ಎದುರಿಗೆ, ನಾಚಿಕೆ ಇಲ್ಲದವಳು, ಆವತ್ತು ಫೋನ್ ಇಟ್ಟ ಮೇಲೆ ಗಾಡಿ ಸ್ಟಾರ್ಟ್ ಮಾಡುವುದನ್ನೇ ಮರೆತೆ, ಬೇಗೂರಿಗೆ ಹೋಗಬೇಕಾದ ಲೋಡು ತಡವಾಯಿತು, ಯಜಮಾನ ಬಾಯಿಗೆ ಬಂದಂತೆ ಬೈದ, ಆ ಒಂದು ದಿನ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ಆದರೆ ಈ ಬರಹ, ಚಪಾತಿ ಹಲ್ಲಿ ಎಲ್ಲ ಮುಗಿದ ಮೇಲೆ ಕೆಳಗೆ ಬರುವುದು ನಮ್ಮ ಅವ್ವ, ಚಿಕ್ಕಮಲ್ಲಮ್ಮ ಎಂದು ಹೆಸರು ಹಾಕಿಯೇ ಬರೆದಿದ್ದಾಳೆ, ಕಾರ್ತಿಕದ ಒಂದು ಸೋಮವಾರ ಅವ್ವ ಮಾದಪ್ಪನ ಹೆಸರಲ್ಲಿ ಐದು ಮನೆ ಭಿಕ್ಷೆಗೆ ಹೋಗುವುದು, ಮನೆಯಲ್ಲಿ ಕಾಳುಕಡ್ಡಿ ತುಂಬಿದ್ದರೂ ಹರಕೆ ಹೊತ್ತವರು ಬೇಡಿಯೇ ತರಬೇಕು, ಬೇಡಿ ತಂದದ್ದನ್ನೇ ಬೇಯಿಸಿ ಮಾದಪ್ಪನಿಗೆ ಎಡೆ ಇಡಬೇಕು, ಹೊರಗಿನವರು ಇದನ್ನು ಬಡತನ ಎಂದುಕೊಳ್ಳಬಹುದು, ಇದು ನಾನು ದೊಡ್ಡವಳು ಎನ್ನುವುದನ್ನು ವರ್ಷಕ್ಕೊಂದು ದಿನ ಕಳಚಿ ಇಡುವ ಕ್ರಮ ಎಂದು ಬರೆದಿದ್ದಾಳೆ, ಎಷ್ಟು ಚೆನ್ನಾಗಿ ಬರೆಯುತ್ತಾಳೆ, ಕಳಚಿ ಇಡುವುದು, ಇಲ್ಲಿ ಡ್ರಮ್ಮಿನಲ್ಲಿ ಕೊಂಬು ಸಿಪ್ಪೆ ಕಳಚುತ್ತದಲ್ಲ ಹಾಗೆ, ಅಲ್ಲಿಯತನಕ ಸರಿ, ಆಮೇಲೆ ಐದನೇ ಮನೆ, ನಾಲ್ಕು ಮನೆ ನಮ್ಮ ಬೀದಿಯವೇ, ಐದನೆಯದು ಆಚೆ ಬೀದಿಯ ಮೂಗಮ್ಮನದು, ನಮ್ಮವರಲ್ಲಿ ಬೇರೆ ಯಾರೂ ಭಿಕ್ಷೆಗೆ ಆ ಬೀದಿಗೆ ಹೋಗುವುದಿಲ್ಲ, ಅವ್ವ ಮಾತ್ರ ಹೋಗುತ್ತಾಳೆ, ಜೋಳಿಗೆ ಒಡ್ಡುವುದಿಲ್ಲ, ಅಲ್ಲಿ ಮಾತ್ರ ಸೆರಗು ಒಡ್ಡುತ್ತಾಳೆ, ಇದು ಎರಡು ಬೀದಿಗಳ ನಡುವೆ ಹಿಂದೆ ಇದ್ದು ಈಗ ಎಲ್ಲರೂ ಮರೆತಿರುವ ಯಾವುದೋ ಕಟ್ಟಳೆಯ ಕೊನೆಯ ಎಳೆ ಇರಬೇಕು — ಇರಬೇಕು ಎಂದು ಬರೆದಿದ್ದಾಳೆ, ಮೂರು ವಾರ ಒಂದು ಈಮೇಲಿಗೂ ಉತ್ತರ ಕೊಡದ ಮೇಡಮ್ಮು ಈ ಐದನೇ ಮನೆಯ ವಿಷಯ ಕೇಳಿದ್ದೇ ತಾವೇ ಫೋನ್ ಮಾಡಿದರಂತೆ, ಇದೇ ಕಣಮ್ಮ ನಿನ್ನ ಥೀಸಿಸ್ಸು, ಇದನ್ನ ಹಿಡ್ಕೊ ಎಂದರಂತೆ, ಅಣ್ಣ ನಂಗೆ ನಿದ್ದೆ ಬರ್ತಿಲ್ಲ ಕಣೋ ಖುಷಿಗೆ, ಒಂದೂವರೆ ವರ್ಷದಿಂದ ಇವಳು ಯಾಕ್ ಬಂದಳೋ ಅನ್ನೋ ಥರ ನೋಡ್ತಿದ್ರು, ಈಗ ಟೀ ಕುಡೀತೀಯಾ ಅಂತಾರೆ — ಆ ಸೆರಗು, ಕಂದು ಸೀರೆಯದು, ಅಂಚಿಗೆ ಹಸಿರು ಪಟ್ಟಿ, ಎರಡು ಕೈಯಲ್ಲಿ ಹಿಡಿದು ಸೊಂಟಕ್ಕಿಂತ ಕೆಳಗೆ, ನಡುವೆ ಸ್ವಲ್ಪ ಜೋಲುಬಿದ್ದು, ಕಟ್ಟಳೆಯಂತೆ ಅದು.

ಯಾವ ಕಟ್ಟಳೆಯೂ ಅಲ್ಲ ಅಮ್ಮಿ, ಅದಕ್ಕೆ ಕಾರಣ ನಾನು, ನಿನ್ನ ಅಣ್ಣ, ನೀನು ಆಗ ಏಳನೇ ಕ್ಲಾಸು, ಹಾಸ್ಟೆಲ್ಲಿನಲ್ಲಿದ್ದೆ, ಗಣಿತದ ಮೇಷ್ಟ್ರು ನನ್ನ ಉತ್ತರ ಪತ್ರಿಕೆ ಹಿಡಿದು ನನ್ನ ದನಿಯಲ್ಲೇ, ನಾನು ತಡವರಿಸುವ ಹಾಗೆಯೇ ತಡವರಿಸಿ ಓದುತ್ತಾ ಹೋದರು, ಇಡೀ ಕ್ಲಾಸು ನಕ್ಕಿತು, ಪಕ್ಕದಲ್ಲಿ ಕೂತ ಸೋಮೇಶನೂ ನಕ್ಕ, ಕೈಗೆ ಸಿಕ್ಕಿದ್ದು ಜಾಮಿಟ್ರಿ ಬಾಕ್ಸು, ತಗಡಿನದು, ಬೀಸಿ ಎಸೆದೆ, ಮೇಷ್ಟ್ರು ತಲೆ ಬಗ್ಗಿಸಿದರು, ಹಿಂದೆ ಬಾಗಿಲಲ್ಲಿ ಮಧ್ಯಾಹ್ನದ ಊಟದ ಸಾರಿನ ಬಕೆಟ್ ಹಿಡಿದು ಹೋಗುತ್ತಿದ್ದಳು ಮೂಗಮ್ಮ, ಹುಬ್ಬಿನ ಮೇಲೆ ಬಿತ್ತು, ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವಳು ಬಕೆಟ್ ಕೆಡವಲಿಲ್ಲ, ಐಕಳ ಊಟ ಚೆಲ್ಲೋದದು ಎಂದು ಮೆಲ್ಲಗೆ ಕೆಳಗಿಟ್ಟು ಆಮೇಲೆ ಕೂತಳು, ನಾನು ಓಡಿದೆ, ಓಡಿದವನು ಮತ್ತೆ ಆ ಗೇಟಿನೊಳಕ್ಕೆ ಕಾಲಿಡಲಿಲ್ಲ, ಓದು ತಲೆಗೆ ಅತ್ನಿಲ್ಲ ಅವುನ್ಗೆ ಎಂದು ಅವ್ವ ಎಲ್ಲರಿಗೂ ಹೇಳಿದಳು, ನಿನಗೂ ಹಾಗೇ ಹೇಳಿದಳು, ನೀನು ನಂಬಿದೆ, ಕಳೆದ ಸಲ ನೋಟ್‌ಬುಕ್ ಹಿಡಿದು ಊರಿಗೆ ಬಂದಾಗ ನೀನು ಕೇಳಿದೆಯಲ್ಲ, ಅವ್ವ ಮೂಗಮ್ಮನ ಮನೇಗ್ಯಾಕೆ ಓಗದು ಅಂತ, ಮಾದಪ್ಪ ತೋರ್ಸುದ್ ಮನೆ ಕಣಮ್ಮಿ ಎಂದಳು ಅವ್ವ, ನೀನು ಮೂಗಮ್ಮನನ್ನೇ ಕೇಳಿದೆ, ನಿಮ್ಮವ್ವ ಬತ್ತಳೆ, ನಾ ಆಕ್ತೀನಿ, ಅದ್ಕೂ ಬರಕಬೇಕಾ ನೀನು ಎಂದು ನಕ್ಕಳು, ಹುಬ್ಬಿನ ಮೇಲೆ ಇನ್ನೂ ಬಿಳಿ ಗೆರೆಯಿದೆ, ಅದನ್ನು ನೋಡಿಯೂ ನೀನು ಬರೆದುಕೊಳ್ಳಲಿಲ್ಲ, ಆಮೇಲೆ ನನ್ನನ್ನು ಕೇಳಿದೆ, ನಾನು ಗಾಡಿಯ ಬಾಗಿಲು ಹೊಡೆದು ಹಾಕಿ ಮಾಡಕೆ ಕೆಲ್ಸ ಇಲ್ವಾ ನಿಂಗೆ ಎಂದು ರೇಗಿದೆ, ಒಬ್ಬರ ಮಾತನ್ನ ನಂಬಿ ಬರೀಬಾರದು ಅಣ್ಣ, ಮೂವರನ್ನಾದ್ರೂ ಕೇಳಬೇಕು, ಅದು ನಮ್ಮ ವಿದ್ಯೆ ಅನ್ನುತ್ತಿದ್ದೆಯಲ್ಲ, ಕೇಳಿದೆ ನೀನು, ಮೂವರನ್ನೂ ಕೇಳಿದೆ, ತಪ್ಪು ನಿನ್ನದಲ್ಲ, ಮೂವರೂ ಸೇರಿ ಒಬ್ಬನನ್ನು ಬಚ್ಚಿಟ್ಟರೆ ಯಾವ ಮೇಡಮ್ಮು ಹುಡುಕಬಲ್ಲಳು, ಹೊಡೆಸಿಕೊಂಡವಳೇ ಬಚ್ಚಿಟ್ಟಳು, ಹೊಡೆಸಿಕೊಂಡವಳೇ —

ಏಯ್ ಶಾಂತ, ಗಾಡಿ ಮುಂದುಕ್ ತಗೋ ಎಂದು ಶಿವಣ್ಣನ ಕೂಗು, ತಗೊಂಡೆ, ಒಂದು ಗಾಡಿಯುದ್ದ ಮುಂದಕ್ಕೆ, ಗಂಟೆ ನಾಲ್ಕೂಕಾಲು, ಹೂಂ ಎಂದು ಒತ್ತಿದೆ, ಕಳಿಸಲಿಲ್ಲ, ಅಳಿಸಿದೆ, ಒಂದಕ್ಷರ ಕಣ್ಲಾ, ಒಂದಕ್ಷರ ಕಳಿಸಿದರೆ ಅವಳ ಥೀಸಿಸ್ಸು ಉಳಿಯುತ್ತದೆ, ಮೇಡಮ್ಮು ಟೀ ಕೊಡುತ್ತಾಳೆ, ನಾನೂ ಉಳಿಯುತ್ತೇನೆ, ಬೇರೆ ಯಾರ ಹೂಂ ಬೇಡ ಎಂದಳಲ್ಲ ಆ ಅಣ್ಣನಾಗಿಯೇ ಉಳಿಯುತ್ತೇನೆ, ಓದು ಹತ್ತದಿದ್ದರೂ ತಿಳಿವಳಿಕೆ ಇರುವವನು ಎಂದು ಬ್ಲಾಗಿನಲ್ಲೇ ಬರೆದಿದ್ದಾಳೆ ನನ್ನ ಬಗ್ಗೆ, ಮೇಲಿಂದ ಆರನೇ ಸಾಲು, ನಾಲ್ಕು ಸಲ ಓದಿದೆ ಅದನ್ನು, ಊರೆಲ್ಲ ಏನು ತಿಳಿದುಕೊಂಡರೂ ತಿಳಿದುಕೊಳ್ಳಲಿ, ಇವಳೊಬ್ಬಳಿಗೆ ಗೊತ್ತಾಗಬಾರದು ಎಂದು ಹನ್ನೆರಡು ವರ್ಷ ರೇಗಿದ್ದೇನೆ, ನನ್ನ ಸಿಟ್ಟಿಗೆ ಹೆದರಿ ಊರಲ್ಲಿ ಯಾರೂ ಇವಳ ಮುಂದೆ ಆ ಮಾತು ಎತ್ತುವುದಿಲ್ಲ, ರೇಗಿದರೆ ಯಾರೂ ಎರಡನೇ ಸಲ ಕೇಳುವುದಿಲ್ಲ, ಅದೊಂದು ವಿದ್ಯೆ ನನಗೂ ಗೊತ್ತು, ಆದರೆ ಮೂಗಮ್ಮನ ಮೊಮ್ಮಗಳು ಶೃತಿ ಗುಂಡ್ಲುಪೇಟೆ ಕಾಲೇಜಿಗೆ ಹೋಗುತ್ತಾಳೆ, ಫೋನಿದೆ, ಓದುತ್ತಾಳೆ, ಅಜ್ಜಿ ನೋಡಜ್ಜಿ, ನೀನು ಅಳೇ ಕಾಲದ್ ಕಟ್ಟಳೆ ಅಂತೆ ಎಂದು ಓದಿ ಹೇಳುತ್ತಾಳೆ, ಮೂಗಮ್ಮ ಆಗಲೂ ಬಾಯಿ ಬಿಡುವುದಿಲ್ಲ, ಹೌದು ಕಣಮ್ಮಿ ಎನ್ನುತ್ತಾಳೆ, ಹುಬ್ಬು ಮುಟ್ಟಿಕೊಂಡು ಹೌದು ಎನ್ನುತ್ತಾಳೆ, ಅವಳ ಬಾಯಿಂದ ಹಾಗೆ ಹೇಳಿಸಬೇಕೇ ನಾನು, ಇನ್ನೂ ಒಂದು ಸಲ, ಇದು ಎರಡನೇ ಬಾಕ್ಸು, ಇದನ್ನು ಎಸೆಯುವುದು ನನ್ನ ಕೈಯಲ್ಲ, ಶಶಿಯ ಕೈ, ಅವಳಿಗೆ ಗೊತ್ತಿಲ್ಲದೆ.

ಮೈಕಿನ ಗುರುತು ಒತ್ತಿ ಹಿಡಿದೆ, ಅಮ್ಮಿ, ಹಾಕ್ಬೇಡ, ಚಪಾತಿ ಹಲ್ಲಿ ಎಲ್ಲ ಹಾಕು, ಐದ್ನೇ ಮನೆ ಹಾಕ್ಬೇಡ, ಅದು ಕಟ್ಟಳೆ ಅಲ್ಲ, ನನ್ ಕೈಕೆಲ್ಸ, ಎಂದು ಶುರು ಮಾಡಿದೆ, ಡ್ರಮ್ಮಿನ ಸದ್ದಿಗೆ ಕೇಳಿಸುತ್ತದೋ ಇಲ್ಲವೋ ಎಂದು ಗಾಜು ಏರಿಸಿದೆ, ಮೇಷ್ಟ್ರು, ಬಾಕ್ಸು, ಬಕೆಟ್ಟು, ಎಲ್ಲ ಹೇಳಿದೆ, ಸಿಟ್ಟಿಲ್ಲದ ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಆ ಸಂಜೆ ಅವ್ವ ನನ್ನ ರಟ್ಟೆ ಹಿಡಿದು ಆಚೆ ಬೀದಿಗೆ ಎಳೆದುಕೊಂಡು ಹೋದದ್ದು, ಊರೆಲ್ಲ ಜಗಲಿಯ ಮೇಲೆ ನಿಂತು ನೋಡಿದ್ದು, ಮೂಗಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಿಗೆ ಬಂದದ್ದು, ಅವ್ವ ಸೆರಗು ಒಡ್ಡಿದಳು ಅಮ್ಮಿ, ಭಿಕ್ಷೆಗಲ್ಲ, ನನ್ ಮಗನ್ ತಪ್ಪ ಒಟ್ಟೆಗಾಕೋ ತಾಯಿ ಎಂದು ಒಡ್ಡಿದಳು, ಮೂಗಮ್ಮ ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು ಎಂದುಕೊಂಡೆ, ತಿರುಗಿ ಬಂದಳು, ಒಡ್ಡುದ್ ಸೆರ್ಗ ಬರಿದು ಕಳ್ಸಬಾರ್ದು ಕಣವ್ವ ಎಂದಳು, ಬೊಗಸೆ ತುಂಬ ರಾಗಿ ತಂದಿದ್ದಳು, ಮಾರನೇ ವರ್ಷದಿಂದ ಅವ್ವನೇ ಆ ಮನೆಯನ್ನು ಹರಕೆಯ ಐದನೇ ಮನೆ — ಬೆರಳು ತೆಗೆದೆ, ಹೋಯಿತು, ಒಂದು ಗೀಟು, ಎರಡು ಗೀಟು, ನೀಲಿಯಾಯಿತು, ಕೇಳುತ್ತಿದ್ದಾಳೆ, ಮೂರನೇ ಮೇಜಿನಲ್ಲಿ ಕೂತು ಕಿವಿಗೆ ಹಿಡಿದು ಕೇಳುತ್ತಿದ್ದಾಳೆ, ಈಗ ಬಾಕ್ಸು ಬಿದ್ದಿರಬೇಕು, ಈಗ ಬಕೆಟ್ಟು, ಈಗ ಅವ್ವ, ಬಾಗಿಲು, ಕಂದು ಸೆರಗು, ಜೋಲುಬಿದ್ದದ್ದು, ಮೂಗಮ್ಮ ಬೊಗಸೆ ಸಡಿಲಿಸಿದಳು, ಬೆರಳ ಸಂದಿಯಿಂದ ರಾಗಿ ಇಳಿಯುತ್ತಿದೆ, ಸದ್ದೇ ಇಲ್ಲ, ಸೆರಗಿಗೆ ಇಳಿಯುತ್ತಿದೆ, ನಾನು ಅವ್ವನ ಹಿಂದೆ ನಿಂತಿದ್ದೇನೆ, ರಾಗಿ, ಇನ್ನೂ ಇಳಿಯುತ್ತಲೇ ಇದೆ, ರಾಗಿ —