ಬಿಲ್ಲೆ ಹಿಡಿದು ಕೂತ ಮಗಳು

ಬಾಗಿಲ ಪಕ್ಕದ ಹಲಗೆಗೆ ಸಾಲಾಗಿ ಮೊಳೆ ಹೊಡೆದು, ಒಂದೊಂದಕ್ಕೂ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ತೂಗುಹಾಕಿತ್ತು. ಗಾಳಿ ಬಂದರೆ ಅವು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಊರಿನ ಬೇರೆ ಮನೆಗಳಲ್ಲಿ ಬೆಳಗಾಗುವುದು ಹಾಲಿನವನ ಕೂಗಿನಿಂದಲೋ ನಲ್ಲಿಯ ಜಗಳದಿಂದಲೋ ಇರಬಹುದು; ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಯಾರೋ ಬಸುರಿ ಹೆಂಗಸು ಮೊದಲ ಬಿಲ್ಲೆಯನ್ನು ಮೊಳೆಯಿಂದ ಬಿಡಿಸಿಕೊಂಡ ಸದ್ದಿಗೆ.

ಆ ಮನೆ ನನ್ನ ತಮ್ಮ ಶ್ರೀಪತಿಯದು ಎನ್ನುವುದು ಬರೀ ಕಾಗದದ ಮಾತು. ಅವನು ಸರ್ವೆ ಇಲಾಖೆಯಲ್ಲಿದ್ದ. ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಊರಿನ ಪಾಲಿಗೆ ಅದು ಡಾಕ್ಟರಮ್ಮನ ಮನೆ, ಎಂದರೆ ಅವನ ಹೆಂಡತಿ ಮಂದಾಕಿನಿಯ ಮನೆ. ಮುಂದಿನ ಎರಡು ಕೋಣೆ ದವಾಖಾನೆ, ಹಿಂದಿನದು ಸಂಸಾರ. ನಡುವೆ ಒಂದೇ ಬಾಗಿಲು. ಅದರ ಅಗುಳಿ ಇದ್ದುದು ದವಾಖಾನೆಯ ಕಡೆಗೆ. ನಾನು ಶಾಲೆಯ ಕೆಲಸದಿಂದ ನಿವೃತ್ತಳಾಗಿ, ಒಂದು ಪೆಟ್ಟಿಗೆ ಬಟ್ಟೆ ಮತ್ತು ಅದಕ್ಕಿಂತ ಭಾರದ ಪುಸ್ತಕಗಳೊಂದಿಗೆ ಅಲ್ಲಿಗೆ ಬಂದಾಗ ನಾಲ್ಕು ದಿನ ಇದ್ದು ಹೋಗುವ ಅಂದಾಜಿತ್ತು. ಮಂದಾಕಿನಿ ಆಗಷ್ಟೇ ಹೆತ್ತ ಮಗಳು ಚಾರುವನ್ನು ನನ್ನ ತೊಡೆಯ ಮೇಲಿಟ್ಟು, "ಒಂದು ನಿಮಿಷ ಹಿಡ್ಕೊಳಿ ಅಕ್ಕ, ಹೊರಗೆ ಯಾರೋ ಕೂಗ್ತಿದಾರೆ" ಎಂದು ಹೋದಳು. ಆ ನಿಮಿಷ ಏಳು ವರ್ಷ ನಡೆಯಿತು.

ಅವಳನ್ನು ದೂರುವುದು ಸುಲಭವಿರಲಿಲ್ಲ. ಸುತ್ತಮುತ್ತ ಹೆಂಗಸರಿಗೆ ಇದ್ದ ಹೆಣ್ಣು ಡಾಕ್ಟರು ಅವಳೊಬ್ಬಳೇ. ಗಂಡಸು ಡಾಕ್ಟರ ಎದುರು ನಾಲಿಗೆ ತೋರಿಸುವುದಕ್ಕೂ ನಾಚುವವರು ಇವಳ ಮುಂದೆ ತಮ್ಮ ಅತ್ತೆಯ ಸ್ವಭಾವವನ್ನೂ ಸೇರಿಸಿ ಎಲ್ಲವನ್ನೂ ಬಿಚ್ಚಿಡುತ್ತಿದ್ದರು. ಒಮ್ಮೆ ಧೈರ್ಯ ಮಾಡಿ 'ಗುರುವಾರ ಮಧ್ಯಾಹ್ನ ರಜೆ' ಎಂದು ಬೋರ್ಡು ಬರೆಸಿದಳು. ಗುರುವಾರ ಮಧ್ಯಾಹ್ನ ಜನ ಕಡಿಮೆ ಇರಬಹುದೆಂದು ಊಹಿಸಿ ಎಲ್ಲರೂ ಅಂದೇ ಬಂದರು. ವಾರದ ಉಳಿದ ಯಾವ ದಿನವೂ ಅಷ್ಟು ನೂಕುನುಗ್ಗಲು ಇರುತ್ತಿರಲಿಲ್ಲ.

ಬೆಂಚಿನ ಮೇಲೆ ಕೂತವರ ಮಾತು ಕಿಟಕಿಯಿಂದ ನನ್ನ ಕಿವಿಗೆ ಬೀಳುತ್ತಿತ್ತು.

"ಪಾಪ, ಡಾಕ್ಟರಮ್ಮನ ಮಗೂನ ಯಾರು ನೋಡ್ಕೋತಾರೋ."

"ಗಂಡನ ಅಕ್ಕ ಇದಾಳಂತಲ್ಲ."

"ಆಕೆಗೆ ಪುಸ್ತಕ ಬಿಟ್ಟು ತಲೆ ಎತ್ತಕ್ಕೆ ಬಿಡುವೆಲ್ಲಿ? ಹೆತ್ತ ಮೇಲೆ ತಾನು ನೋಡ್ಕೋಬೇಕಪ್ಪ."

ಹೀಗೆಂದವಳು ತನ್ನ ಬಿಲ್ಲೆಯ ನಂಬರನ್ನು ಮತ್ತೊಮ್ಮೆ ನೋಡಿಕೊಂಡು, ಡಾಕ್ಟರಮ್ಮ ಇಷ್ಟು ತಡಮಾಡುವುದೇಕೆ ಎಂದು ಬೇಸರಪಟ್ಟುಕೊಂಡಳು.

ಚಾರು ನಡೆಯಲು ಕಲಿತ ಹೊಸದರಲ್ಲಿ ಒಮ್ಮೆ ನಡುಬಾಗಿಲು ತಳ್ಳಿಕೊಂಡು ಒಳಹೋಗಿದ್ದಳು. ಮೇಜಿನ ಮೇಲೆ ಮಲಗಿದ್ದ ಹೆಂಗಸು ಗಾಬರಿಯಿಂದ ಸೀರೆ ಎಳೆದುಕೊಳ್ಳಲು ಹೋಗಿ ಕೆಳಗೆ ಬಿದ್ದಳು. ಅಂದಿನಿಂದ ಅಗುಳಿ. ರೋಗಿಗಳಿರುವಾಗ ಆ ಬಾಗಿಲು ತಟ್ಟಕೂಡದು. ಆ ನಿಯಮದಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಿಸಿದೆ, ಸಿಗಲಿಲ್ಲ.

ಚಾರುವಿಗೆ ಸಿಕ್ಕಿದ್ದು ತಪ್ಪಲ್ಲ, ಒಂದು ದಾರಿ. ಶಾಲೆಗೆ ಸೇರಿದ ವರ್ಷ ಒಂದು ದಿನ ಅವಳು ಹಿತ್ತಲಿನಿಂದ ಸುತ್ತುಹಾಕಿ ಮುಂಬಾಗಿಲಿಗೆ ಹೋಗಿ, ಬೆಂಚು ಹತ್ತಿ, ಒಂದು ಬಿಲ್ಲೆ ಬಿಡಿಸಿಕೊಂಡು ಸಾಲಿನಲ್ಲಿ ಕೂತಳು. ನಂಬರು ಕೂಗುತ್ತಿದ್ದ ಆಯಾ ಸಾವಂತ್ರಮ್ಮ ಬಹಳ ನಿಯಮದ ಹೆಂಗಸು. ಬಿಲ್ಲೆ ಇದ್ದವರು ಯಾರಾದರೇನು, ಸರದಿ ಬಂದಾಗ ಒಳಗೆ ಬಿಟ್ಟಳು. ಮಂದಾಕಿನಿ ಬರೆಯುತ್ತಿದ್ದುದರಿಂದ ತಲೆ ಎತ್ತದೆ, "ಕೂತ್ಕೋಮ್ಮ, ಎಷ್ಟು ದಿನದಿಂದ?" ಎಂದು ಕೇಳಿದಳಂತೆ. "ಮೊನ್ನೆಯಿಂದ ಮಾತೇ ಆಡಿಲ್ಲ" ಎಂದಳಂತೆ ಮಗಳು.

ಅಂದು ಮಂದಾಕಿನಿ ನಕ್ಕದ್ದು ನಡುಬಾಗಿಲಿನ ಈಚೆ ಅಕ್ಕಿ ಆರಿಸುತ್ತಿದ್ದ ನನಗೂ ಕೇಳಿಸಿತು. ಅದೇ ಪದ್ಧತಿಯಾಯಿತು. ಶಾಲೆ ಬಿಟ್ಟು ಬಂದವಳು ಸಂಜೆಯ ಕೊನೆಯ ಬಿಲ್ಲೆ ತೆಗೆದುಕೊಳ್ಳುವುದು, ಒಂದು ಕಾಯಿಲೆ ಹೇಳುವುದು, ಅವಳ ಅಮ್ಮ ಗಂಭೀರವಾಗಿ ಪರೀಕ್ಷಿಸಿ ಚೀಟಿ ಬರೆಯುವುದು. 'ಮುತ್ತು ಎರಡು, ಊಟದ ನಂತರ' ಎನ್ನುವ ಔಷಧಿಯನ್ನು ಹಲವು ರೋಗಗಳಿಗೆ ಕೊಟ್ಟದ್ದು ನನಗೆ ಗೊತ್ತು. ಕಾಯಿಲೆಗಳಿಗೆ ಬರವಿರಲಿಲ್ಲ. ಇಡೀ ಸಂಜೆ ಬೆಂಚಿನ ಮೇಲೆ ಕೂತವಳಿಗೆ ಸೊಂಟನೋವು, ಬಿಳಿಸೆರಗು, ಎದೆಯುರಿ ಎಲ್ಲವೂ ಬಾಯಿಪಾಠ.

"ಎರಡು ತಿಂಗಳಾಯ್ತು ಡಾಕ್ಟರಮ್ಮ, ನಿಂತೋಗಿದೆ" ಎಂದಳು ಒಂದು ದಿನ.

"ವಾಂತಿ ಉಂಟೋ?"

"ಬೆಳಿಗ್ಗೆ ಬೆಳಿಗ್ಗೆ."

"ಯಜಮಾನರು ಏನಂತಾರೆ?"

"ಅವರು ಊರಲ್ಲಿಲ್ಲ. ತಿಂಗಳಿಗೊಂದ್ಸಲ ಬರ್ತಾರೆ, ಬಂದಾಗ ನಿದ್ದೆ ಮಾಡ್ತಾರೆ."

ನಾನು ಅಕ್ಕಿಯ ಮೊರ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡೆ. ಸುಖವೆನ್ನುವುದು ಆ ಮನೆಗೆ ಬಿಲ್ಲೆ ಹಿಡಿದುಕೊಂಡೇ ಬರುತ್ತಿತ್ತು, ಆದರೂ ಬರುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಊರಿಗೆ ಒಂದು ಜ್ವರ ಹಬ್ಬಿತು. ಹೆಂಗಸರು ತಮ್ಮ ಜೊತೆಗೆ ಮಕ್ಕಳನ್ನೂ ತಂದರು. ಬಿಲ್ಲೆಗಳು ಸಾಲದೆ ಸಾವಂತ್ರಮ್ಮ ಹುಣಿಸೆ ಬೀಜ ಹಂಚಿದಳು. ಚಾರು ಮಾತ್ರ ಹುಣಿಸೆ ಬೀಜ ಒಪ್ಪಲಿಲ್ಲ, ಬಿಲ್ಲೆಯೇ ಬೇಕೆಂದು ಹಟ ಹಿಡಿದಳು. ಅಂದು ಅವಳ ಮುಂದೆ ಇದ್ದವಳು ಕಿವಿನೋವಿನ ಮಗುವನ್ನು ಎತ್ತಿಕೊಂಡು ಬಂದಿದ್ದಳು. "ಒಳಗೆ ಯಾರೋ ಒನಕೇಲಿ ಕುಟ್ಟಿದಂಗೆ ಆಯ್ತದಂತೆ ಕಣವ್ವ, ಮಲಗಿದ್ರೆ ಇನ್ನೂ ಜಾಸ್ತಿ" ಎಂದು ಬೆಂಚಿನವರಿಗೆಲ್ಲ ಹೇಳಿ, ಒಳಗೆ ಹೋಗಿ ಡಾಕ್ಟರಮ್ಮನಿಗೂ ಹೇಳಿದಳು. ಅವಳ ಹಿಂದೆಯೇ ಚಾರು ಹೋದಳು.

"ಕಿವಿ ನೋವು. ಒಳಗೆ ಯಾರೋ ಒನಕೇಲಿ ಕುಟ್ಟಿದಂಗೆ ಆಗುತ್ತೆ. ಮಲಗಿದ್ರೆ ಇನ್ನೂ ಜಾಸ್ತಿ."

"ಕಳ್ಳಿ!" ಮಂದಾಕಿನಿಯ ದನಿಯಲ್ಲಿ ದಣಿವೂ ನಗುವೂ ಇದ್ದವು. "ಹೋದವಳದನ್ನೇ ಒಂದಕ್ಷರ ಬಿಡದೆ ಕದ್ದಿದೀಯಲ್ಲೇ. ನಾಳೆಗೆ ಸ್ವಂತದ್ದು ಒಂದು ತಗೊಂಡು ಬಾ." ಹಣೆ ಮುಟ್ಟಿರಬೇಕು, ಬಿಸಿಲಿನ ಬೆಂಚಿನ ಮೇಲೆ ಕೂತವರ ಹಣೆಯೆಲ್ಲ ಬೆಚ್ಚಗೇ ಇರುತ್ತದೆ. ಚೀಟಿ ಬರೆದಳು.

ಬಾಗಿಲ ಈಚೆ ನಾನೂ ನಕ್ಕೆ. ಮಕ್ಕಳಿಗೆ ನೋವು ತಾನಾಗಿ ಬರುತ್ತದೆ, ಅದರ ಮಾತು ಬರುವುದಿಲ್ಲ. ಹತ್ತಿರದಲ್ಲಿ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ನೋವು ಅವಳದೇ ಆಗಿತ್ತು. ಎರವಲು ತಂದದ್ದು ಮಾತು ಮಾತ್ರ. ಇಷ್ಟು ಸಣ್ಣ ಸಂಗತಿ, ಜೀವಮಾನವೆಲ್ಲ ಮಕ್ಕಳಿಗೆ ಭಾಷೆ ಕಲಿಸಿದ ನನಗೂ ಹೊಳೆಯಲಿಲ್ಲ.

ಮರುದಿನ ಅವಳು ಊಟ ಬೇಡವೆಂದಾಗ ಏನಾಯಿತೆಂದು ಕೇಳಿದೆ. "ಅಮ್ಮ ನೋಡಿದಾಳೆ ಅತ್ತೆ. ಚೀಟಿ ಕೊಟ್ಟಿದಾಳೆ" ಎಂದಳು, ಡಾಕ್ಟರನ್ನು ನಂಬಿದ ಒಳ್ಳೆಯ ರೋಗಿಯ ಹಾಗೆ. ಆ ಸಂಜೆ ಮತ್ತೆ ಬಿಲ್ಲೆ ಹಿಡಿದಳು. ಸಾಲು ಕರಗುವಷ್ಟರಲ್ಲಿ ಒಂದು ಹೆರಿಗೆಗೆ ಕರೆ ಬಂದು ಮಂದಾಕಿನಿ ಹಾಗೇ ಎದ್ದು ಹೋಗಬೇಕಾಯಿತು. ಅದರ ಮರುದಿನ ಬೆಳಿಗ್ಗೆ ನಾನು ದಿಂಬಿನ ಮೇಲೆ ಹಳದಿ ಕಲೆ ನೋಡಿದೆ. ಕೂದಲು ಸರಿಸಿದರೆ ಎಡಗಿವಿಯ ಹಿಂದೆ ಊದಿ ಕೆಂಪಾಗಿತ್ತು. ರಾತ್ರಿ ಹೆರಿಗೆ ಮುಗಿಸಿ ಬಂದ ಮಂದಾಕಿನಿ ಆಗಲೇ ದವಾಖಾನೆಯಲ್ಲಿದ್ದಳು. ನಾನು ಬಾಗಿಲು ತಟ್ಟಿದೆ. ಮೊದಲ ಸಲ.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮೂಳೆ ಕೊರೆದು ಕೀವು ತೆಗೆದರು. ಎಡಗಿವಿ ಕಿವುಡಾಯಿತು. ಬಲಗಿವಿ ಉಳಿಯಿತು, ಜೀವ ಉಳಿಯಿತು. ಇಷ್ಟರಲ್ಲೇ ಮುಗಿದದ್ದು ಪುಣ್ಯವೆಂದರು ಅಲ್ಲಿಯ ಡಾಕ್ಟರು. ಶ್ರೀಪತಿ ಬಂದ. "ಡಾಕ್ಟರ ಮನೇಲೇ ಹೀಗಾದ್ರೆ ಹೇಗೆ?" ಎಂದ. ಸರ್ವೆಯವನು, ದೂರ ನಿಂತು ಅಳೆಯುವುದು ಅವನ ಕಸುಬು. ಊರಿಗೆ ಮರಳಿದ ದಿನವೇ ಮಂದಾಕಿನಿ ಸಾವಂತ್ರಮ್ಮನನ್ನು ಮನೆಗೆ ಕಳಿಸಿ, ಮುಂಬಾಗಿಲಿಗೆ 'ದವಾಖಾನೆ ಮುಚ್ಚಿದೆ' ಎಂದು ಬರೆದು ಅಂಟಿಸಿದಳು. ನಡುಬಾಗಿಲಿನ ಅಗುಳಿಯನ್ನು ತಾನೇ ಕಿತ್ತುಹಾಕಿದಳು.

ಊರು ತನ್ನ ಅಭಿಪ್ರಾಯವನ್ನು ಒಂದೇ ವಾರದಲ್ಲಿ ಬದಲಿಸಿತು. "ತನ್ನ ಮಗು ಒಂದೇ ಮಗುವಾ?" ಎಂದು ಕೇಳಿದವಳು, ಹೆತ್ತ ಮೇಲೆ ತಾನು ನೋಡ್ಕೋಬೇಕು ಅಂದಿದ್ದವಳೇ.

ಇಡೀ ದಿನ ಈಗ ತಾಯಿ ಮಗಳದಾಗಿತ್ತು. ಅದನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಮಂದಾಕಿನಿ ಹತ್ತಿರ ಕೂರಿಸಿಕೊಂಡು, "ತಲೆ ನೋಯುತ್ತಾ? ರಾತ್ರಿ ನಿದ್ದೆ ಬಂತಾ? ಊಟ ಸೇರುತ್ತಾ?" ಎಂದು ಕೇಳುವಳು. ಬೇರೆ ಪ್ರಶ್ನೆಗಳು ಅವಳಿಗೆ ಬರುತ್ತಿರಲಿಲ್ಲ. ಚಾರು ಪ್ರತಿಯೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಎದ್ದು ಹೋಗುವಳು. ತನ್ನ ಹಿಂದಿನವರು ಕಾಯುತ್ತಿರುತ್ತಾರೆ ಎನ್ನುವ ಹಾಗೆ.

"ಯಾಕೆ ಎದ್ದೆ ಪುಟ್ಟಿ? ಇನ್ನೂ ಹೊತ್ತಿದೆ, ಕೂತ್ಕೋ."

"ಆಯ್ತಲ್ಲಮ್ಮ."

ತೆರೆದ ನಡುಬಾಗಿಲಿನಿಂದ ಚಾರು ಒಂದು ದಿನವೂ ದವಾಖಾನೆಯೊಳಗೆ ಹೋಗಲಿಲ್ಲ.

ಹೀಗಿರುವಾಗ ಪಕ್ಕದ ಹಳ್ಳಿಯಿಂದ ಒಂದು ಗಾಡಿ ಬಂತು. ಒಳಗೆ ನೋವು ತಿನ್ನುತ್ತಿದ್ದ ಚೊಚ್ಚಲ ಹೆರಿಗೆಯ ಹುಡುಗಿ. ಬಾಗಿಲಿಗೆ ಅಂಟಿಸಿದ್ದನ್ನು ಓದಿಸಿಕೊಂಡು, ಬಾಗಿಲು ತಟ್ಟದೆ, ಗಾಡಿ ತಿರುಗಿಸಿಕೊಂಡು ತಾಲೂಕು ಆಸ್ಪತ್ರೆಯ ದಾರಿ ಹಿಡಿದರು. ಆ ಹುಡುಗಿಯೂ ಮಗುವೂ ದಾರಿಯಲ್ಲೇ ತೀರಿಹೋದರು. ಆಗ ಮಂದಾಕಿನಿ ಒಳಗಿನ ಕೋಣೆಯಲ್ಲಿ ಮಗಳ ಜಡೆ ಹೆಣೆಯುತ್ತಿದ್ದಳು.

ಸುದ್ದಿ ತಂದವಳು ಸಾವಂತ್ರಮ್ಮ.

"ತಟ್ಟಿದ್ರೆ ತೆಗೀತಿದ್ದೆನಲ್ಲ ಸಾವಂತ್ರಮ್ಮ! ಒಂದ್ಸಲ ತಟ್ಟಬಾರದಿತ್ತಾ?"

"ಡಾಕ್ಟರಮ್ಮಂಗೆ ಮಗೀನ ಚಿಂತೆ, ತೊಂದ್ರೆ ಕೊಡಬ್ಯಾಡಿ ಅಂದ್ರಂತೆ ಕಣವ್ವ, ಆ ಹುಡುಗಿ ಅತ್ತೇನೇ."

ಗುರುವಾರದ ಬೋರ್ಡನ್ನು ವರ್ಷಗಟ್ಟಲೆ ಲೆಕ್ಕಿಸದಿದ್ದ ಜನ, ಇದೊಂದನ್ನು ನಂಬಿದ್ದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಂದಾಕಿನಿ, ತಟ್ಟೆ ನೋಡುತ್ತಾ, "ನಾಳೆಯಿಂದ ತೆರೀತೀನಿ ಅಕ್ಕ" ಎಂದಳು. ನಾನು ಸಾರು ಬಡಿಸಿದೆ. ಚಾರು ಬಲಗಿವಿ ನಮ್ಮ ಕಡೆ ಮಾಡಿ ಕೂತಿದ್ದಳು. ಅವಳಿಗೆ ಕೇಳಿಸಿತ್ತು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಕೈ ತೊಳೆದು, ಹಿತ್ತಲಿನ ಕಡೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಹೊರಗೆ ಮೊಳೆಯಿಂದ ಬಿಲ್ಲೆ ಬಿಡಿಸಿಕೊಂಡ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಖಾಲಿ ಬೆಂಚಿನ ಮೇಲೆ ಅವಳೊಬ್ಬಳೇ ಕೂತಿದ್ದಳು. ಯಾವಾಗಲೂ ಕೊನೆಯ ಬಿಲ್ಲೆ ಹಿಡಿಯುತ್ತಿದ್ದವಳು ಅಂದು ಮೊದಲನೆಯದನ್ನು ಹಿಡಿದಿದ್ದಳು. ನಾಳೆ ಜನ ಬರುವ ಮುಂಚೆ ಅದು ತನ್ನದಾಗಿರಬೇಕಿತ್ತು. ನಂಬರು ಕೂಗಿದರೆ ಕೇಳಿಸಲೆಂದು ಬೆಂಚಿನ ತುದಿಗೆ ಸರಿದು, ಬಲಗಿವಿಯನ್ನು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡಿದ್ದಳು.

ನನ್ನ ಹಿಂದೆ ಬಂದು ನಿಂತ ಮಂದಾಕಿನಿಯೂ ನೋಡಿದಳು. ಹಿತ್ತಲಿನಿಂದ ಸುತ್ತುಹಾಕಿ ಹೊರಗೆ ಹೋಗಿ, ಬೆಂಚಿನ ಮೇಲೆ ಮಗಳ ಪಕ್ಕ ಕೂತಳು. ಬಲಗಡೆ ಬಾಗಿಲಿತ್ತು, ಕೂರಲು ಜಾಗವಿದ್ದುದು ಎಡಗಡೆ, ಕೇಳದ ಕಿವಿಯ ಕಡೆ ಮಾತ್ರ. ತಲೆ ಬಗ್ಗಿಸಿ, ಮೆಲ್ಲನೆ, ಬಹಳ ಹೊತ್ತು ಏನನ್ನೋ ಹೇಳಿದಳು. ರೋಗಿಗಳಿಗೆ ಕೇಳುವ ಪ್ರಶ್ನೆಗಳಲ್ಲ ಅವು. ಅವಳ ತುಟಿಗಳು ಹಾಗೆ ಚಲಿಸಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಗಾಳಿ ಬಂತು. ಹಲಗೆಯ ಮೇಲಿನ ಬಿಲ್ಲೆಗಳು ಒಂದಕ್ಕೊಂದು ತಾಗಿದವು. ಆ ಸದ್ದಿಗೆ ಚಾರು ಥಟ್ಟನೆ ಬಾಗಿಲ ಕಡೆ ಮುಖ ತಿರುಗಿಸಿ, ಹಿತ್ತಾಳೆಯ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಾದಳು.