ಮೀನಿಲ್ಲದ ನೀರಿಗೆ ತಿಂಡಿ

ಗುಂಡಿ ಒತ್ತಿದ ತಕ್ಷಣ ಲಿಫ್ಟ್ ಬರಬೇಕೆಂದು ಕುಣಿಯುವವರಿಗೆ ದಿನಾ ಬೈಯುವವನು ನಾನು. ಲಿಫ್ಟ್ ರಿಪೇರಿ ನನ್ನ ಕೆಲಸ. ಕಾಯುವುದನ್ನು ಕಲೀರಿ ಎಂದು ಊರಿಗೆಲ್ಲ ಉಪದೇಶ ಮಾಡಿ, ಮನೆಯಲ್ಲಿ ಮಾತ್ರ ಹೊಸ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿಸಿದ ದಿನವೇ ಎರಡು ಸಮುದ್ರದ ಮೀನು ಬಿಟ್ಟೆ. ಮಗಳು ರಜೆಗೆ ಬಂದಿದ್ದಳು. ಅವಳಮ್ಮನೂ ನಾನೂ ಬೇರೆಯಾಗಿ ಎರಡು ವರ್ಷ. ಬಂದ ಒಂದು ವಾರದಲ್ಲಿ ಅವಳನ್ನು ಮೆಚ್ಚಿಸಿಬಿಡಬೇಕು ಎಂಬ ಹಪಾಹಪಿ ನನಗೆ.

ಐದನೇ ದಿನ ಎರಡೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಎಷ್ಟು ತಿಂಡಿ ಸುರಿದೆ ನೀನು? ತಿನ್ನಿಸಿ ತಿನ್ನಿಸಿ ಸಾಯಿಸಿಬಿಟ್ಟೆ!" ಎಂದು ಎಂಟು ವರ್ಷದ ಹುಡುಗಿಯ ಮೇಲೆ ಹಾರಾಡಿದೆ. ಅವಳು ಅಳಲಿಲ್ಲ. ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಕೂತು, ಅಮ್ಮನಿಗೆ ಫೋನ್ ಮಾಡು ಅಂದಳು. ಆಮೇಲೆ ಐದು ವಾರ ನನ್ನ ಮನೆ ಕಡೆ ತಲೆಹಾಕಲಿಲ್ಲ.

ಮಾರನೇ ದಿನ ಸಾಕುಮೀನು ಮಾರುವ ಅಂಗಡಿಯಾಕೆ ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಮಗು ಏನ್ ಮಾಡುತ್ತೆ ಸ್ವಾಮಿ? ಹೊಸ ನೀರಲ್ಲಿ ಕೊಳೆ ತಿನ್ನೋ ಬ್ಯಾಕ್ಟೀರಿಯಾನೇ ಇರಲ್ಲ. ಮೀನಿನ ಕೊಳೆ ಅಮೋನಿಯಾ ಆಗಿ ಮೀನನ್ನೇ ಸುಟ್ಟಿದೆ. ಮೊದಲು ಬ್ಯಾಕ್ಟೀರಿಯಾ ಬೆಳೆಸಿ, ಆಮೇಲೆ ಮೀನು. ಒಂದೂವರೆ ತಿಂಗಳಾದ್ರೂ ಬೇಕು. ನಿಮ್ಮ ಕೈಲಿ ಆಗಲ್ಲ ಬಿಡಿ."

ಆತುರ ನನ್ನದು, ಆರೋಪ ಮಗಳ ತಲೆಗೆ. ಅವತ್ತೇ ಹೋಗಿ ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಹೊಸ ಮೀನು ಬಂದು ಓಡಾಡುವಾಗ, ಅದನ್ನು ತೋರಿಸುತ್ತಾ ಹೇಳಿದರಾಯಿತು ಎಂದುಕೊಂಡೆ. ಹೇಡಿತನಕ್ಕೆ ನನ್ನಲ್ಲಿ ನೆಪಗಳ ಬರವಿರಲಿಲ್ಲ.

ಹೀಗೆ ಖಾಲಿ ತೊಟ್ಟಿಗೆ ತಿಂಡಿ ಹಾಕುವ ಕೆಲಸ ಶುರುವಾಯಿತು. ದಿನಾ ಒಂದು ಚಿಟಿಕೆ. ಅದು ಕೊಳೆತು ಅಮೋನಿಯಾ ಆಗಬೇಕು, ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯಬೇಕು. ಬೆಳಿಗ್ಗೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಹನಿ ಔಷಧ ಹಾಕಿ, ವಿಷ ಎಷ್ಟಿದೆಯೆಂದು ಬಣ್ಣ ನೋಡುತ್ತಿದ್ದೆ. ನಾಲ್ಕನೇ ವಾರ ಅಮೋನಿಯಾ ಇಳಿಯಿತು. ಅದರಿಂದ ಹುಟ್ಟುವ ಇನ್ನೊಂದು ವಿಷ, ನೈಟ್ರೈಟ್, ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಅಷ್ಟರಲ್ಲಿ ಅವಳಮ್ಮ ಫೋನ್ ಮಾಡಿದಳು. "ಭಾನುವಾರಕ್ಕೆ ಹೇಗೋ ಒಪ್ಪಿಸಿದೀನಿ. ಒಂದು ಗಂಟೆ ಮಟ್ಟಿಗೆ ಅವಳನ್ನ ಬಿಟ್ಟು ಹೋಗ್ತೀನಿ. ರೇಗಾಡ್ಬೇಡ."

ಶನಿವಾರ ಅಂಗಡಿಗೆ ಓಡಿ, ಒಂದೇ ಒಂದು ಮೀನು ಕೊಡಿ ಎಂದು ಗೋಗರೆದೆ.

"ನೈಟ್ರೈಟ್ ಎಷ್ಟಿದೆ?" ಅಂದಳು ಅಂಗಡಿಯಾಕೆ. ಸುಳ್ಳು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಮನೆಗೆ ಬಂದೆ.

ಭಾನುವಾರ ಮಗಳು ತೊಟ್ಟಿಯ ಮುಂದೆ ನಿಂತಳು. ಕಲ್ಲು, ಮರಳು, ನೀರು, ಅಷ್ಟೇ.

"ಮೀನೆಲ್ಲಿ?"

"ಇನ್ನೂ ಬಿಟ್ಟಿಲ್ಲ ಪುಟ್ಟಾ. ನೀರು ಹದವಾಗ್ತಿದೆ. ಆದ್ರೂ ದಿನಾ ತಿಂಡಿ ಹಾಕ್ಬೇಕು. ಇವತ್ತು ನೀನು ಹಾಕು." ಡಬ್ಬಿ ಚಾಚಿದೆ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾ ಹಾಕಲ್ಲ. ಮನೇಲಿ ಬೆಕ್ಕಿಗೂ ಹಾಕಲ್ಲ ಈಗ. ಅಮ್ಮನೇ ಹಾಕ್ತಾಳೆ."

"ಯಾಕೆ?"

"ಸತ್ತೋಗುತ್ತೆ."

ಅವಳ ಮುಂದೆ ಮಂಡಿಯೂರಿದೆ. "ಸಾಯಿಸಿದ್ದು ನೀನಲ್ಲ ಕಣೆ, ನಾನು. ನೀರು ಹದವಾಗೋ ಮೊದ್ಲೇ ಮೀನು ಬಿಟ್ಟೆ. ನಿನ್ನ ತಿಂಡಿಯಿಂದ ಅಲ್ಲ."

"ನಿಂಗೆ ಯಾವಾಗ ಗೊತ್ತಾಯ್ತು?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. "ಮಾರನೇ ದಿನಾನೇ."

ಅವಳು ತೊಟ್ಟಿಯ ಕಡೆ ತಿರುಗಿದಳು. ಗಾಜಿಗೆ ಮೂಗೊತ್ತಿ ಒಂದೊಂದೇ ಕಲ್ಲಿನ ಹಿಂದೆ ಇಣುಕಿದಳು.

"ಒಳಗೆ ಒಂದೂ ಇಲ್ಲ ತಾನೆ? ಚಿಕ್ಕದೂ?"

"ಇಲ್ಲ."

"ಆಣೆ?"

"ಆಣೆ."

ಡಬ್ಬಿಯಿಂದ ಒಂದೇ ಒಂದು ಕಾಳು ತೆಗೆದು ನೀರಿಗೆ ಬಿಟ್ಟು, ಸರಕ್ಕನೆ ಕೈ ಎಳೆದುಕೊಂಡಳು. ಅದು ಮರಳಿಗೆ ಇಳಿಯಿತು. ಅವಳಮ್ಮ ಬಂದು ಬೆಲ್ ಮಾಡುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಏನಾದರೂ ಸಾಯುತ್ತದೇನೋ ಎಂದು ನೋಡುತ್ತಲೇ ಇದ್ದಳು.